ಕೊನೆಯ ಓಟಗಾರ ಹೋದ ಮೇಲೆ

“ಈ ಗಂಟು ನೋಡಿ,” ಎಂದರು ಇನ್ಸ್‌ಪೆಕ್ಟರ್.

ಠಾಣೆಯ ಮೇಜಿಗೆ ಹಳೆಯ ಪೇಪರು ಹಾಸಿ, ಅದರ ಮೇಲೆ ಎರಡು ಜೊತೆ ಓಟದ ಶೂ ಇಟ್ಟಿದ್ದರು. ಒಂದು ಜೊತೆ ನೀಲಿ. ನಿನ್ನೆ ಆಸ್ಪತ್ರೆಯಲ್ಲಿ ನರ್ಸು ಲೇಸು ಬಿಚ್ಚುವ ಗೋಜಿಗೆ ಹೋಗದೆ ಹಾಗೇ ಎಳೆದು ತೆಗೆದದ್ದು. ಇನ್ನೊಂದು ಹಳೆಯದು, ಬೂದು ಬಣ್ಣದ್ದು. ಅದೇ ಮನುಷ್ಯನ ಮನೆಯ ಬಾಗಿಲ ಹಿಂದಿನಿಂದ ತರಿಸಿದ್ದು.

ದಫೇದಾರ ಕುರ್ಚಿಯಿಂದ ಏಳಲು ನೋಡಿದ. ತೊಡೆಗಳು ಒಪ್ಪಲಿಲ್ಲ. ಕೂತಲ್ಲಿಂದಲೇ ಕುರ್ಚಿಯನ್ನು ಜರುಗಿಸಿಕೊಂಡು ಮೇಜಿನ ಹತ್ತಿರ ಬಂದ.

“ಗಂಟು ಗಂಟಿನ ಥರಾನೇ ಇದೆ ಮೇಡಂ.”

“ಹಳೇ ಶೂ ಅವರೇ ಕಟ್ಟಿಕೊಂಡಿದ್ದು. ಸೋಮಾರಿ, ಗಂಟು ಬಿಚ್ಚದೆ ಕಾಲು ಹೊರಗೆ ಎಳೆದಿದ್ದಾರೆ. ಅದರಲ್ಲಿ ಮೇಲಿನ ಎಳೆ ಯಾವ ಕಡೆ ಹೋಗಿದೆ?”

“ಬಲಕ್ಕೆ.”

“ನೀಲಿದರಲ್ಲಿ?”

ದಫೇದಾರ ಬೆರಳಿಟ್ಟು ನೋಡಿದ. ಒಂದು ಶೂ ನೋಡಿದ, ಇನ್ನೊಂದನ್ನೂ ನೋಡಿದ. “ಎಡಕ್ಕೆ. ಎರಡು ಕಾಲಿಂದೂ.” ಅವನ ಮುಖದಲ್ಲಿದ್ದ ನಗು ಅರ್ಧಕ್ಕೇ ನಿಂತಿತು. “ಅಂದ್ರೆ ಬೇರೆ ಯಾರೋ ಎದುರಿಗೆ ಕೂತು ಕಟ್ಟಿದ್ದಾರೆ.”

“ಮಗಳನ್ನ ಸ್ಕೂಲಿಗೆ ಕಳಿಸೋವಾಗ ನೀವು ಕಟ್ತೀರಲ್ಲ, ಹಾಗೆ.”

ನಿನ್ನೆ ಬೆಳಿಗ್ಗೆ ಊರಿನ ಓಟ ಮುಗಿಯುವ ಹೊತ್ತಿಗೆ ಊರಿನ ಪಶುವೈದ್ಯರು ಕಡಲ ಗೋಡೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದರು. ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಓಡುವಾಗ ಕಾಲು ಜಾರಿತು ಎಂದು ಇಡೀ ಊರು ಹೇಳುತ್ತಿತ್ತು. ಇಡೀ ಊರು ಒಂದೇ ಮಾತು ಹೇಳಿದರೆ ಇನ್ಸ್‌ಪೆಕ್ಟರಿಗೆ ಮೊದಲಿನಿಂದಲೂ ಕಸಿವಿಸಿ.

ಆಕೆ ಪ್ಲಾಸ್ಟಿಕ್ ಚೀಲದಿಂದ ಪಶುವೈದ್ಯರ ಎದೆಯ ಮೇಲಿದ್ದ ನಂಬರಿನ ಹಾಳೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಬಟ್ಟೆಯಂಥ ಕಾಗದ, ಬೆವರಿಗೆ ಮುದುರಿ, ಒಣಗಿ, ಉಪ್ಪಿನ ಬಿಳಿ ಗೆರೆ ಬಿದ್ದಿತ್ತು.

“ಮೂಲೆಗಳಲ್ಲಿ ಪಿನ್ನಿನ ತೂತು ನೋಡಿ. ಪ್ರತಿ ಮೂಲೆಯಲ್ಲೂ ಎರಡೆರಡು ಸಲ ಚುಚ್ಚಿದ್ದಾರೆ. ಅವರ ಶರ್ಟಿನಲ್ಲಿ ಒಂದೇ ಸಲದ ಗುರುತು. ಹಾಳೆ ಬೆವರಲ್ಲಿ ನೆಂದಿದೆ, ಶರ್ಟು ಇಸ್ತ್ರಿ ಮಾಡಿದ ಹಾಗಿದೆ.”

“ನಂಬರು ಮಾತ್ರ ಓಡಿದೆ. ಡಾಕ್ಟ್ರು ಓಡಿಲ್ಲ.”

“ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ಎಷ್ಟನೆಯವರಾಗಿ ಬಂದ್ರಿ?”

ದಫೇದಾರ ಗೋಡೆಯ ಕಡೆ ನೋಡಿದ. ಠಾಣೆಯಿಂದ ಒಬ್ಬರಾದರೂ ಓಡಬೇಕೆಂದು ಮೇಲಿನಿಂದ ಮಾತು ಬಂದಾಗ, ಉಳಿದವರೆಲ್ಲ ಒಟ್ಟಿಗೇ ಕೆಮ್ಮು, ಜ್ವರ, ಬೆನ್ನುನೋವು ಅಂದಿದ್ದರು. ಇವನು ಆ ಹೊತ್ತಿಗೆ ಟೀ ಕುಡಿಯಲು ಹೊರಗೆ ಹೋಗಿದ್ದ. ಹಾಗಾಗಿ ಇವನೇ ಓಡಿದ.

“ಊರಿಗೆಲ್ಲ ಗೊತ್ತಿರೋ ವಿಷಯ ಮೇಡಂ.”

“ಬಾಯಿ ಬಿಟ್ಟು ಹೇಳಿ.”

“ಕೊನೆಯವನು. ನನ್ನ ಹಿಂದೆ ಒಬ್ಬರೂ ಇರಲಿಲ್ಲ. ತಿರುಗಿ ತಿರುಗಿ ನೋಡ್ತಿದ್ದೆ, ಯಾರಾದರೂ ಇದ್ರೆ ಸಮಾಧಾನ ಆಗ್ತಿತ್ತು ಅಂತ.”

“ಸುಂಕದ ಕಟ್ಟಡದ ಕಮಾನು ದಾಟಿದ ಮೇಲೆ?”

“ಅಲ್ಲಿ ನೀರಿಗೆ ಇಳಿಯೋ ಮೆಟ್ಟಿಲಿದೆಯಲ್ಲ, ಅದರ ಮೇಲ್ಗಡೆ ಕೂತು ಸ್ವಲ್ಪ ಉಸಿರು ತಗೊಂಡೆ. ಇದನ್ನ ಯಾರಿಗೂ ಹೇಳ್ಬೇಡಿ.”

“ಕೆಳಗೆ ನೋಡಿದ್ರಾ?”

“ನೋಡದೆ ಇರ್ತೀನಾ. ಬುಡದ ತನಕ ಕಾಣುತ್ತೆ. ನೀರು ಬಿಟ್ರೆ ಏನೂ ಇರಲಿಲ್ಲ.” ಹೇಳುತ್ತಾ ಹೇಳುತ್ತಾ ದಫೇದಾರನ ದನಿ ಇಳಿಯಿತು. “ಅಂದ್ರೆ ಅವರು ಬಿದ್ದಿದ್ದು ನಾನು ಹೋದ ಮೇಲೆ. ಓಟವೆಲ್ಲ ಮುಗಿದ ಮೇಲೆ.”

ಇನ್ಸ್‌ಪೆಕ್ಟರ್ ಹಾಳೆಯನ್ನು ಮಗುಚಿದರು. ಹಿಂಬದಿಯ ಅಂಚಿನಲ್ಲಿ ಒಂದು ಹನಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಗಾಜಿನಂತೆ ತಿಳಿ, ಸ್ವಲ್ಪ ಹಳದಿ. ಉಗುರಿನಿಂದ ಕೆರೆದರೂ ಬರಲಿಲ್ಲ.

ದಫೇದಾರ ಮೂಸಿ ನೋಡಿದ. ಈ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ದೋಣಿಗೆ ಹಾಕೋ ಅಂಟು,” ಎಂದ. “ದೋಣಿ ರಿಪೇರಿ ಮಾಡೋನು ಡಾಕ್ಟರ ಹೆಂಡತಿಯ ತಮ್ಮ. ಅವರು ಬಿದ್ದಿದ್ದಾರೆ ಅಂತ ಮೊದಲು ಕೂಗಿದವನೂ ಅವನೇ.”

*

ಬಂದರಿಗೆ ಇಳಿಯುವ ಬೀದಿ ಕಡಿದು, ಇಕ್ಕಟ್ಟು. ಎರಡೂ ಕಡೆ ಸುಣ್ಣ ಉದುರಿದ ಹಳೆಯ ಮನೆಗಳು, ತುಕ್ಕು ಹಿಡಿದ ಕಬ್ಬಿಣದ ಬಾಲ್ಕನಿಗಳು. ನೆಲದ ಕಲ್ಲುಗಳ ಮೇಲೆ ಓಟದ ದಾರಿ ತೋರಿಸಲು ಬಳಿದ ಬಾಣದ ಗುರುತುಗಳು ಇನ್ನೂ ಅಳಿಸಿರಲಿಲ್ಲ. ಚರಂಡಿಯ ಅಂಚಿನಲ್ಲಿ ನೀರು ಕುಡಿದು ಬಿಸಾಡಿದ ಕಾಗದದ ಲೋಟಗಳು.

ಕಿಟಕಿಗಳಲ್ಲಿ ಮಾತಾಡುತ್ತಿದ್ದವರು ಇವರಿಬ್ಬರೂ ಹತ್ತಿರ ಬಂದಾಗ ಸುಮ್ಮನಾಗುತ್ತಿದ್ದರು, ದಾಟಿದ ಮೇಲೆ ಶುರು ಮಾಡುತ್ತಿದ್ದರು. ಓಟ ನಡೆಸುವ ಬೇಕರಿಯವನು ಅಂಗಡಿಯಿಂದ ಇಳಿದು ಬಂದು ಜೊತೆಗೆ ನಾಲ್ಕು ಹೆಜ್ಜೆ ಹಾಕಿದ.

“ಮೇಡಂ, ಬಿದ್ದಿದ್ದು ಅಂತಲೇ ಬರ್ಕೊಳ್ತೀರಿ ತಾನೆ? ಹೋದ ವರ್ಷ ಆ ಹುಡುಗಿ, ಈ ವರ್ಷ ಇವರು. ಇನ್ನೊಂದು ಸಲ ಯಾರೂ ಓಡೋಕೆ ಬರಲ್ಲ.”

“ನೀವು ಹಾಕಿದ ಫೋಟೋ ನೋಡಿದೆ,” ಎಂದರು ಇನ್ಸ್‌ಪೆಕ್ಟರ್. “ಕೋಟೆ ಗೋಡೆ ಮೇಲೆ ಡಾಕ್ಟ್ರು ಓಡ್ತಿರೋದು. ಟೋಪಿ, ಕಪ್ಪು ಕನ್ನಡಕ. ನೀವೇ ತೆಗೆದಿದ್ದಾ?”

“ನಾನೇ. ಕೈ ಬೀಸಿದ್ರೂ ನನ್ನ ಕಡೆ ತಿರುಗಲಿಲ್ಲ. ಒಟ್ಟಿಗೆ ಓದಿದವರು ನಾವು. ಏನೋ ಬೇಜಾರು ಅಂದ್ಕೊಂಡೆ.”

ಹೋದ ವರ್ಷದ ಹುಡುಗಿ ಎಂದರೆ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದವಳು. ಓಟದ ನಡುವೆ ಕೋಟೆಯ ಮೆಟ್ಟಿಲಿಂದ ಬಿದ್ದು ಸತ್ತಿದ್ದಳು. ಕಾಲು ಜಾರಿತು ಎಂದು ಆಗಲೇ ಠಾಣೆಯಲ್ಲಿ ಫೈಲು ಮುಚ್ಚಿದ್ದರು. ಇನ್ಸ್‌ಪೆಕ್ಟರ್ ಈ ಊರಿಗೆ ಬಂದದ್ದು ಅದಾದ ಮೇಲೆ. ಒಂದೇ ಓಟ, ಎರಡು ಸಲ ಕಾಲು ಜಾರುವುದು, ಎರಡು ಸಲವೂ ಮೆಟ್ಟಿಲು. ಆಕೆ ಹೆಜ್ಜೆ ಚುರುಕು ಮಾಡಿದರು.

ದೋಣಿ ರಿಪೇರಿಯವನ ಶೆಡ್ಡು ಬಂದರಿನ ಕೊನೆಯಲ್ಲಿತ್ತು. ಮರದ ತುಂಡುಗಳ ಮೇಲೆ ದೋಣಿಯೊಂದನ್ನು ಬೋರಲು ಹಾಕಿದ್ದರು. ಅದರ ಹೊಟ್ಟೆಯಲ್ಲಿ ಕೈಯಗಲದ ಬಿರುಕು. ಬಿರುಕಿನ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಅಂಟು ಸುರಿದು, ಅವನು ಬ್ರಷ್ಷಿನಿಂದ ಗುಳ್ಳೆ ಒತ್ತಿ ತೆಗೆಯುತ್ತಿದ್ದ. ಮೂಗಿನೊಳಗೆ ಚುಚ್ಚುವ ವಾಸನೆ. ಎಷ್ಟು ತಿಕ್ಕಿ ತೊಳೆದರೂ ಅವನ ಮುಂಗೈ ಮೇಲೆ ಯಾವಾಗಲೂ ಒಂದೆರಡು ಹೊಳೆಯುವ ಕಲೆ ಇರುತ್ತಿದ್ದವು. ಅದಕ್ಕೇ ಊರಿಗೆಲ್ಲ ಅವನು ‘ಗೋಂದು’.

ಅವನು ತಲೆ ಎತ್ತಿ ನೋಡಿದ, ಬ್ರಷ್ಷು ನಿಲ್ಲಿಸಲಿಲ್ಲ.

“ಭಾವ ಎದ್ರಾ?”

“ಇಲ್ಲ.”

“ಹಾಗಾದ್ರೆ ಸ್ವಲ್ಪ ಇರಿ. ಇದು ಗಟ್ಟಿಯಾಗಿಬಿಟ್ರೆ ಕೆಲಸ ಕೆಡುತ್ತೆ.”

ಇನ್ಸ್‌ಪೆಕ್ಟರ್ ಕಾದರು. ಕಾಯುತ್ತಾ ಸುತ್ತ ಕಣ್ಣಾಡಿಸಿದರು. ಶೆಡ್ಡಿನ ಹಿಂದೆ ಹಗ್ಗದ ಮೇಲೆ ಒಗೆದ ಬಟ್ಟೆ: ಎರಡು ಟವೆಲ್ಲು, ಒಂದು ಪ್ಯಾಂಟು, ಓಟದಲ್ಲಿ ಎಲ್ಲರೂ ಹಾಕಿದ್ದಂಥ ಒಂದು ಹಳದಿ ಬನಿಯನ್ ಶರ್ಟು. ಆಕೆ ಹೋಗಿ ಶರ್ಟನ್ನು ಇಳಿಸಿಕೊಂಡು ಬಂದು ಬೋರಲು ಬಿದ್ದ ದೋಣಿಯ ಒಣಗಿದ ಬದಿಯ ಮೇಲೆ ಹರಡಿದರು. ಅದರ ಎದೆಯ ಮೇಲೆ ನಂಬರಿನ ಹಾಳೆ ಇಟ್ಟರು.

ಗೋಂದುವಿನ ಬ್ರಷ್ಷು ನಿಂತಿತು.

ಇನ್ಸ್‌ಪೆಕ್ಟರ್ ಸೊಂಟದ ಚೀಲದಿಂದ ಪಿನ್ನೊಂದನ್ನು ತೆಗೆದು ಹಾಳೆಯ ಒಂದು ಮೂಲೆಯ ತೂತಿನೊಳಗೆ ಇಳಿಸಿದರು. ಅದು ಶರ್ಟಿನ ತೂತಿನಲ್ಲಿ ಸರಾಗವಾಗಿ ಇಳಿಯಿತು. ಎರಡನೇ ಮೂಲೆಯಲ್ಲೂ ಹಾಗೇ ಆಯಿತು. ಮೂರನೆಯದಕ್ಕೆ ಕೈ ಹಾಕುವಾಗ ಅವನೇ ಅಂದ:

“ಸಾಕು ಬಿಡಿ.”

“ನೀವು ನಿನ್ನೆ ಓಡಲಿಲ್ಲ ಅಂದ್ರಿ. ಶೆಡ್ಡಿನಲ್ಲಿ ಕೆಲಸ ಮಾಡ್ತಿದ್ದೆ, ಸದ್ದು ಕೇಳಿ ಬಂದೆ ಅಂದ್ರಿ.”

“ಅಂದೆ.”

“ಈಗ ಏನಂತೀರಿ?”

ಅವನು ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟ. ಕೈ ಒರೆಸಿಕೊಂಡ. ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡ.

“ಭಾವನೇ ಹೇಳಿದ್ದು ಮೇಡಂ. ನನ್ನ ನಂಬರು ಹಾಕ್ಕೊಂಡು ನೀನು ಓಡು, ನಾನು ಓಡ್ತಿದ್ದೀನಿ ಅಂತ ಊರು ತಿಳ್ಕೊಳ್ಳಲಿ ಅಂದ್ರು. ಇಬ್ಬರದ್ದೂ ಒಂದೇ ಎತ್ತರ. ಟೋಪಿ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ರು. ಕಮಾನಿನ ಒಳಗೆ ಹಳೇ ಕಾವಲುಗಾರರ ಗೂಡಿದೆಯಲ್ಲ, ಅಲ್ಲಿ ನಿಂತಿರು, ನಾನು ಬಂದು ನಂಬರು ತಗೊಂಡು ಕೊನೇ ಸ್ವಲ್ಪ ದೂರ ನಾನೇ ಓಡ್ತೀನಿ ಅಂದ್ರು.”

“ಅಷ್ಟು ಹೊತ್ತು ಅವರೆಲ್ಲಿರ್ತಾರೆ ಅಂತ ಕೇಳಲಿಲ್ವಾ?”

“ಕೇಳ್ದೆ. ಒಬ್ಬರನ್ನ ನೋಡ್ಬೇಕು ಅಂದ್ರು. ಯಾರು ಅಂತ ಹೇಳಲಿಲ್ಲ.”

“ಒಳ್ಳೆ ಕಥೆ,” ಎಂದ ದಫೇದಾರ.

ಗೋಂದು ಅವನ ಕಡೆ ತಿರುಗಿದ. “ನೀವು ಕಮಾನಿನಲ್ಲಿ ಹೋಗೋವಾಗ ಅಯ್ಯೋ ಅಮ್ಮಾ, ಅಯ್ಯೋ ಅಪ್ಪಾ ಅಂತ ಹೋದ್ರಿ. ಒಂದು ಕೈ ಸೊಂಟದ ಮೇಲಿತ್ತು. ಗೂಡಿನಿಂದ ನೋಡ್ತಾ ಇದ್ದೆ.”

ದಫೇದಾರ ಸೊಂಟದ ಮೇಲಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

“ಯಾರನ್ನ ನೋಡೋಕೆ ಹೋಗಿರಬಹುದು?” ಇನ್ಸ್‌ಪೆಕ್ಟರ್ ಕೇಳಿದರು. “ನಿಮಗೆ ಅನ್ನಿಸಿದ್ದು ಹೇಳಿ.”

“ಹೋದ ವರ್ಷ ಆ ಹುಡುಗಿ ಬಿದ್ದಾಗ ಮೊದಲು ಹತ್ತಿರ ಹೋದವರು ಭಾವ. ದನ ನಾಯಿ ನೋಡೋ ಡಾಕ್ಟ್ರು ಏನು ಮಾಡೋಕಾಗುತ್ತೆ. ಅವರ ತೊಡೆ ಮೇಲೇ ಜೀವ ಹೋಯ್ತು. ಹೋಗೋ ಮುಂಚೆ ಅವಳು ಏನೋ ಹೇಳಿದ್ಳಂತೆ. ಆಗ ಅರ್ಥ ಆಗಿರಲಿಲ್ಲ, ಈಗ ಆಗಿದೆ ಅಂದ್ರು. ಬಹುಮಾನ ಕೊಡೋವಾಗ ವೇದಿಕೆ ಮೇಲೆ ಹೇಳಿಬಿಡ್ತೀನಿ, ಅದಕ್ಕೆ ಮುಂಚೆ ಆ ಮನುಷ್ಯನ ಮುಖ ನೋಡಿ ಒಂದು ಮಾತು ಕೇಳ್ಬೇಕು ಅಂದ್ರು.”

“ಆ ಮನುಷ್ಯ. ಗಂಡಸು ಅಂತಾನೇ ಹೇಳಿದ್ರಾ?”

ಗೋಂದು ಯೋಚಿಸಿದ. “ಆ ಮನುಷ್ಯ ಅಂದ್ರು. ಅಷ್ಟೇ.”

“ಆಮೇಲೆ?”

“ಕಾದೆ. ಬರಲಿಲ್ಲ. ದಫೇದಾರರು ಹೋದ ಮೇಲೂ ಕಾದೆ. ಹೊರಗೆ ಏನೋ ಬಿದ್ದ ಸದ್ದಾಯ್ತು. ದೋಣಿ ಗೋಡೆಗೆ ತಾಗಿರಬೇಕು ಅಂದ್ಕೊಂಡೆ. ತಡೆಯೋಕಾಗದೆ ಹೊರಗೆ ಬಂದು ನೋಡಿದ್ರೆ ಭಾವ ಕೆಳಗೆ ಬಿದ್ದಿದ್ರು.” ಅವನು ದೋಣಿಯ ಬಿರುಕಿನ ಕಡೆ ನೋಡಿದ. “ರಕ್ತ ನೋಡಿ ಮುಗೀತು ಅಂದ್ಕೊಂಡೆ. ಉಸಿರಿತ್ತು.”

“ಉಸಿರಿರೋ ಮನುಷ್ಯನನ್ನ ಬಿಟ್ಟು, ಮೊದಲು ಎದೆಗೆ ನಂಬರು ಚುಚ್ಚಿದ್ರಿ.”

ಅವನು ತಲೆ ಬಗ್ಗಿಸಿದ.

“ಕಾಲಿಗೆ ಶೂ ಹಾಕಿದ್ರಿ. ಲೇಸು ಕಟ್ಟಿದ್ರಿ. ಆಮೇಲೆ ಜನರನ್ನ ಕೂಗಿದ್ರಿ.”

ಈ ಸಲ ಅವನು ಮುಖ ಎತ್ತಿದ. ಶೂ ವಿಷಯ ಇವರಿಗೆ ಗೊತ್ತಿರುತ್ತದೆ ಎಂದು ಅವನು ಎಣಿಸಿರಲಿಲ್ಲ.

“ಶೂ ಎಲ್ಲಿತ್ತು?”

“ಅಲ್ಲೇ. ಮೆಟ್ಟಿಲ ಮೇಲೆ.”

“ಮೆಟ್ಟಿಲ ಮೇಲೆ ಯಾಕೆ ಬಿಚ್ಚಿಡ್ತಾರೆ?”

“ಯಾರಿಗೆ ಗೊತ್ತು. ಕಾಲು ನೋಯ್ತಿತ್ತೇನೋ.”

ಇನ್ಸ್‌ಪೆಕ್ಟರ್ ದೋಣಿಯ ಅಂಚಿಗೆ ಒರಗಿ ನಿಂತರು. ದನಿ ಏರಿಸಲಿಲ್ಲ. “ಆ ಮೆಟ್ಟಿಲ ತುಂಬ ಪಾಚಿ. ನಿನ್ನೆ ನಾನು ಬೂಟು ಹಾಕ್ಕೊಂಡು ಇಳಿದೆ, ಅಡಿಯೆಲ್ಲ ಹಸಿರಾಯ್ತು. ನಿಮ್ಮ ಭಾವ ಬಿಳಿ ಸಾಕ್ಸ್ ಹಾಕಿದ್ರು. ಅದರ ಅಡಿಯಲ್ಲಿ ಒಂದು ಚುಕ್ಕೆ ಇಲ್ಲ. ಅವರು ಆ ಮೆಟ್ಟಿಲನ್ನ ತುಳಿದೇ ಇಲ್ಲ. ಮೇಲಿಂದ ನೇರ ಕೆಳಗೆ ಹೋಗಿದ್ದಾರೆ. ಮೆಟ್ಟಿಲಿಗೆ ಎದುರಾಗಿ ಒಂದೇ ಒಂದು ಬಾಗಿಲಿದೆ.”

ಗೋಂದುವಿನ ಕಣ್ಣು ಅಂಟಿನ ಡಬ್ಬಿಯ ಕಡೆ ಹೋಯಿತು.

“ಅದು ಯಾವ ಬಾಗಿಲು ಅಂತ ನಾನು ಹೇಳ್ಲಾ, ನೀವೇ ಹೇಳ್ತೀರಾ?”

ಅವನು ಬ್ರಷ್ಷನ್ನು ಡಬ್ಬಿಯಿಂದ ಎತ್ತಲು ಹೋದ. ಅದು ಆಗಲೇ ಗಟ್ಟಿಯಾಗಿ ಡಬ್ಬಿಯ ತಳಕ್ಕೆ ಕಚ್ಚಿಕೊಂಡಿತ್ತು. ಎಳೆದ, ಬರಲಿಲ್ಲ. ಡಬ್ಬಿಯ ಸಮೇತ ಕೈಯಲ್ಲಿ ಹಿಡಿದುಕೊಂಡು ನಿಂತ.

“ಅಕ್ಕನ ಡ್ಯಾನ್ಸ್ ಕ್ಲಾಸಿನ ಹಿಂದಿನ ಬಾಗಿಲು,” ಎಂದ ಕೊನೆಗೆ. “ತೆರೆದಿತ್ತು. ಒಳಗೆ ಹೋದೆ. ಯಾರೂ ಇರಲಿಲ್ಲ. ಮುಂದಿನ ಬಾಗಿಲೂ ತೆರೆದಿತ್ತು, ಅದರ ಹೊರಗೆ ಭಾವನ ಶೂ ಇತ್ತು, ಜೋಡಿಸಿಟ್ಟಿತ್ತು. ಅಲ್ಲಿ ಶೂ ಹಾಕ್ಕೊಂಡು ಒಳಗೆ ಹೋದ್ರೆ ಅಕ್ಕ ಚರ್ಮ ಸುಲಿತಾಳೆ, ಮರದ ನೆಲ.”

“ಅದಕ್ಕೇ ಅಕ್ಕನೇ ಮಾಡಿದ್ದು ಅಂದ್ಕೊಂಡ್ರಿ.”

“ನಾನು ಹಾಗಂದ್ನಾ?”

“ಅನ್ನಬೇಕಾಗಿಲ್ಲ. ಶೂ ತಂದು ಕಟ್ಟಿದ್ದೀರಿ.”

ಅವನ ಕಣ್ಣು ತುಂಬಿಕೊಂಡಿತು. ಅಂಟಿನ ಕೈಯಿಂದ ಒರೆಸಿಕೊಳ್ಳುವಂತಿರಲಿಲ್ಲ. ಭುಜಕ್ಕೆ ಕೆನ್ನೆ ಒತ್ತಿಕೊಂಡ.

“ಆ ಹುಡುಗಿ ಅಕ್ಕನ ಶಿಷ್ಯೆ. ಮಗಳ ಥರ ಇದ್ಳು. ಆಮೇಲೆ ಊರಿನವರು ಭಾವನಿಗೂ ಅವಳಿಗೂ ಗಂಟು ಹಾಕಿ ಮಾತಾಡಿದ್ರು. ಅಕ್ಕ ಎಲ್ಲ ಹೊಟ್ಟೆಗೆ ಹಾಕ್ಕೊಂಡಿದ್ಳು. ಈಗ ಭಾವ ಮತ್ತೆ ಆ ವಿಷಯ ಎತ್ತಿದಾಗ ಮನೇಲಿ ದಿನಾ ಜಗಳ. ವೇದಿಕೆ ಮೇಲೆ ಅವಳ ಹೆಸರು ಎತ್ತಿದ್ರೆ ಅವತ್ತಿಗೆ ನಮ್ಮ ಸಂಬಂಧ ಮುಗೀತು ಅಂದ್ಳು. ನನ್ನೆದುರೇ ಅಂದ್ಳು.” ಸ್ವಲ್ಪ ತಡೆದು ಮುಂದುವರಿಸಿದ. “ಅಮ್ಮ ಹೋದ ಮೇಲೆ ನನ್ನನ್ನ ಸಾಕಿದವಳು ಮೇಡಂ ಅವಳು. ನಾನೇನು ಮಾಡ್ಲಿ?”

ಇನ್ಸ್‌ಪೆಕ್ಟರ್ ಶರ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಅವನ ಮಾತು ನಿಜವೋ ಸುಳ್ಳೋ ಇನ್ನೂ ಹೇಳುವಂತಿರಲಿಲ್ಲ. ನಿನ್ನೆಯಿಂದ ಒಂದು ಸುಳ್ಳನ್ನು ಕಣ್ಣು ಮಿಟುಕಿಸದೆ ಹೇಳಿದವನು ಇವತ್ತು ಇನ್ನೊಂದನ್ನು ಅಳುತ್ತಾ ಹೇಳಬಹುದು. ಅಕ್ಕನ ಹೆಸರನ್ನು ಮುಂದೆ ತಳ್ಳಿ ತಾನು ಹಿಂದೆ ಸರಿದವರನ್ನೂ ಆಕೆ ನೋಡಿದ್ದರು.

“ನಡೀರಿ,” ಎಂದರು. “ಅಕ್ಕ ಎಲ್ಲಿದ್ದಾರೆ?”

“ಆಸ್ಪತ್ರೇಲಿ. ನಿನ್ನೆಯಿಂದ ಭಾವನ ಪಕ್ಕ ಬಿಟ್ಟು ಎದ್ದಿಲ್ಲ.”

“ಹಾಗಾದ್ರೆ ಮೊದಲು ಆ ಕೋಣೆ ನೋಡೋಣ.”

*

ಆದರೆ ಡ್ಯಾನ್ಸ್ ಕ್ಲಾಸಿನ ಬಾಗಿಲಿಗೆ ಬೀಗ ಇರಲಿಲ್ಲ.

ಒಳಗೆ ನೀರಿನ ಸದ್ದು. ಇನ್ಸ್‌ಪೆಕ್ಟರ್ ಕೈ ಎತ್ತಿ ಇಬ್ಬರನ್ನೂ ತಡೆದು ಬಾಗಿಲನ್ನು ಮೆಲ್ಲಗೆ ತಳ್ಳಿದರು.

ಉದ್ದನೆಯ ಕೋಣೆ. ಒಂದು ಗೋಡೆಯ ತುಂಬ ಕನ್ನಡಿ, ಅದರ ಮುಂದೆ ಹಿಡಿದುಕೊಳ್ಳಲು ಮರದ ಕಂಬಿ. ಇನ್ನೊಂದು ತುದಿಯಲ್ಲಿ ಹಿಂದಿನ ಬಾಗಿಲು, ಅದರ ಆಚೆ ಸಮುದ್ರ. ಪಶುವೈದ್ಯರ ಹೆಂಡತಿ ಮಂಡಿಯೂರಿ ನೆಲ ಒರೆಸುತ್ತಿದ್ದರು. ಪಕ್ಕದಲ್ಲಿ ಬಕೆಟ್ಟು. ಒರೆಸಿದ ಕಡೆ ಮರ ಕಪ್ಪಗೆ ಹೊಳೆಯುತ್ತಿತ್ತು.

ಗೋಂದುವಿನ ಬಾಯಿಂದ ಸಣ್ಣದೊಂದು ನರಳಿಕೆ ಬಂತು.

ಆಕೆ ತಲೆ ಎತ್ತಿದರು. ಕನ್ನಡಿಯಲ್ಲಿ ಮೂವರನ್ನೂ ನೋಡಿದರು. “ಶೂ ಬಿಚ್ಚಿ ಬನ್ನಿ,” ಎಂದರು.

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿ ಬಾಗಿಲ ಪಕ್ಕ ಇಟ್ಟರು. ದಫೇದಾರನೂ ಬಿಚ್ಚಿದ. ಬಗ್ಗುವಾಗ ಅವನ ಸೊಂಟ ಹಿಡಿದುಕೊಂಡಿತು, ಆದರೂ ಸದ್ದು ಮಾಡಲಿಲ್ಲ. ಅವನ ಕಣ್ಣು ಹಿಂದಿನ ಬಾಗಿಲ ಮೇಲಿತ್ತು. ನಿನ್ನೆ ತಾನು ಕೂತು ಸುಧಾರಿಸಿಕೊಂಡ ಮೆಟ್ಟಿಲು ಆ ಬಾಗಿಲಿನಿಂದ ಎರಡೇ ಹೆಜ್ಜೆ ದೂರ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ.

“ಏನು ಒರೆಸ್ತಾ ಇದ್ದೀರಿ?” ಇನ್ಸ್‌ಪೆಕ್ಟರ್ ಕೇಳಿದರು.

“ನೆಲ.”

“ಗಂಡ ಆಸ್ಪತ್ರೇಲಿರೋವಾಗ?”

“ಮನೆಗೆ ಹೋಗೋಕೆ ಮನಸ್ಸು ಬರಲಿಲ್ಲ. ಸುಮ್ಮನೆ ಕೂತ್ರೆ ತಲೆ ಕೆಡುತ್ತೆ. ಇದೊಂದು ಕೆಲಸ ಕೈಗೆ ಬಂದಿದ್ದು.” ಅವರು ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. “ನಿಮಗೆ ಬೇರೇನೋ ಅನ್ನಿಸ್ತಿದೆ ಅಲ್ವಾ.”

“ನಿಮ್ಮ ಯಜಮಾನ್ರು ನಿನ್ನೆ ಈ ಕೋಣೆಯಲ್ಲಿದ್ರು.”

ಅವರು ತಮ್ಮನ ಕಡೆ ನೋಡಿದರು. ಅವನು ಮುಖ ಎತ್ತಲಿಲ್ಲ. ಅಷ್ಟರಲ್ಲೇ ಅವರಿಗೆ ಅರ್ಥವಾಯಿತು.

“ನಾನು ಮಾಡಿದೆ ಅಂದ್ಕೊಂಡ್ಯಾ ಪುಟ್ಟ?”

“ಅಕ್ಕಾ, ಶೂ ಇಲ್ಲೇ ಇತ್ತು...”

“ಅದಕ್ಕೆ ನಿನ್ನೆಯಿಂದ ನನ್ನ ಮುಖ ನೋಡ್ತಿಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಮಾತ್ರ ಒದ್ದೆ ಬಟ್ಟೆಯನ್ನು ಮತ್ತೆ ಹಿಂಡುತ್ತಿತ್ತು, ಅದರಲ್ಲಿ ನೀರು ಉಳಿದಿರಲಿಲ್ಲ.

“ನೀವು ನಿನ್ನೆ ಓಟ ಮುಗಿಯೋ ಜಾಗದಲ್ಲೇ ಇದ್ದೆ, ಪದಕ ಹಾಕ್ತಾ ಇದ್ದೆ ಅಂದ್ರಿ,” ಎಂದರು ಇನ್ಸ್‌ಪೆಕ್ಟರ್. “ಪೂರ್ತಿ ಹೊತ್ತು ಅಲ್ಲೇ ಇದ್ರಾ?”

ಅವರು ಬಟ್ಟೆಯನ್ನು ಬಕೆಟ್ಟಿನೊಳಗೆ ಬಿಟ್ಟರು.

“ಇಲ್ಲ. ನಡುವೆ ಒಮ್ಮೆ ಇಲ್ಲಿಗೆ ಬಂದೆ. ಪದಕದ ರಿಬ್ಬನ್ ಕಡಿಮೆಯಾಗಿತ್ತು, ಇಲ್ಲಿ ಒಂದು ಡಬ್ಬಿ ಇತ್ತು.”

“ಬಂದು?”

“ಒಳಗೆ ಹೋಗಲಿಲ್ಲ. ಬಾಗಿಲು ಒಳಗಿಂದ ಹಾಕಿತ್ತು. ಹೊರಗೆ ಇವರ ನೀಲಿ ಶೂ ಇತ್ತು. ಪಕ್ಕದಲ್ಲಿ ಇನ್ನೊಂದು ಜೊತೆ ಇತ್ತು.”

ಗೋಂದು ಸರಕ್ಕನೆ ತಲೆ ಎತ್ತಿದ. “ನಾನು ನೋಡಿದಾಗ ಒಂದೇ ಜೊತೆ ಇತ್ತು ಅಕ್ಕ. ಬಾಗಿಲೂ ತೆರೆದಿತ್ತು.”

“ನಿನಗಿಂತ ಮೊದಲು ನಾನು ಬಂದಿದ್ದು.”

ಇನ್ಸ್‌ಪೆಕ್ಟರ್ ಅವರ ಎದುರಿಗೆ ನೆಲದ ಮೇಲೆ ಕೂತರು. ಇನ್ನೊಬ್ಬರು ಯಾರೇ ಆಗಲಿ, ಬಾಗಿಲಲ್ಲಿ ಶೂ ಬಿಚ್ಚಿ ಪಕ್ಕಕ್ಕೆ ಇಟ್ಟು ಒಳಗೆ ಹೋದವರು. ಹೊಡೆದಾಡಲು ಬಂದವರು ಹಾಗೆ ಬರುವುದಿಲ್ಲ. ಪಶುವೈದ್ಯರು ಶೂ ಬಿಚ್ಚಿ ಬನ್ನಿ ಅಂದಾಗ ತಲೆಯಾಡಿಸಿ ಬಗ್ಗಿ ಲೇಸು ಸಡಿಲಿಸಿದ್ದಾರೆ. ಇಲ್ಲವೇ, ಇದೆಲ್ಲ ಈ ಹೆಂಗಸು ಈಗ ಕಟ್ಟುತ್ತಿರುವ ಕಥೆ.

“ನಿನ್ನೆ ಯಾಕೆ ಹೇಳಲಿಲ್ಲ?”

“ಯಾರಿಗೆ ಹೇಳ್ಲಿ?”

“ನನಗೆ.”

ಆಕೆ ಇನ್ಸ್‌ಪೆಕ್ಟರ್ ಕಡೆಗೆ ನೋಡಲಿಲ್ಲ. ಅವರ ಭುಜದಾಚೆ ಬಾಗಿಲ ಕಡೆ ನೋಡಿದರು. ಅಲ್ಲಿ ಈಗಷ್ಟೇ ಬಿಚ್ಚಿಟ್ಟ ಬೂಟುಗಳಿದ್ದವು.

“ಅದು ಪೊಲೀಸ್ ಬೂಟು,” ಎಂದರು. “ಇದೇ ಥರ. ಕಪ್ಪು, ಎತ್ತರದ್ದು, ಮೂತಿಗೆ ಪಾಲಿಶ್. ಬಾಗಿಲಿಗೆ ಕಿವಿ ಇಟ್ಟೆ, ಮಾತು ಕೇಳಲಿಲ್ಲ, ಗುಸುಗುಸು ಅಷ್ಟೇ. ನಾನು ಬೇಡ ಅಂದ್ರೂ ಕೇಳದೆ ಪೊಲೀಸರ ಹತ್ರ ಹೋದ್ರಲ್ಲ ಅಂತ ಸಿಟ್ಟು ಬಂತು. ಬಾಗಿಲು ತಟ್ಟಲೂ ಇಲ್ಲ, ಹೊರಟುಹೋದೆ.” ಅವರು ಕಣ್ಣು ಮುಚ್ಚಿ ತೆರೆದರು. “ತಟ್ಟಿದ್ರೆ ಆಗ್ತಿತ್ತು.”

ದಫೇದಾರ ತನ್ನ ಕಾಲಿನ ಬೆರಳು ನೋಡಿಕೊಂಡ. ಅವನು ನಿನ್ನೆ ಹಾಕಿದ್ದು ಕ್ಯಾನ್ವಾಸ್ ಶೂ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾಕೋ ಅವನ ಕಿವಿ ಬಿಸಿಯಾಯಿತು.

“ಆಮೇಲೆ ಇವರು ಬಿದ್ದಿದ್ದಾರೆ ಅಂತ ಸುದ್ದಿ ಬಂತು,” ಆಕೆ ಮುಂದುವರಿಸಿದರು. “ಪೊಲೀಸರು ಬಂದ್ರು, ನೀವು ಬಂದ್ರಿ. ಇವರ ಜೊತೆ ಒಳಗಿದ್ದೆ ಅಂತ ನಿಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕಾಯ್ತಾ ಇದ್ದೆ, ಯಾರಾದರೂ ಹೇಳ್ತಾರೇನೋ ಅಂತ. ಯಾರೂ ಹೇಳದೇ ಇದ್ದಾಗ, ಆ ಬೂಟು ನಿಮ್ಮದೇ ಅಂದ್ಕೊಂಡೆ.”

ಈ ಮಾತು ಇನ್ಸ್‌ಪೆಕ್ಟರಿಗೆ ತಾಗಿತು. ತೋರಿಸಿಕೊಳ್ಳಲಿಲ್ಲ. “ಈಗ ಯಾಕೆ ಹೇಳ್ತಾ ಇದ್ದೀರಿ?”

“ನಿಮ್ಮ ಬೂಟು ಚಿಕ್ಕದು. ಅಲ್ಲಿಟ್ಟಾಗ ನೋಡಿದೆ. ನಿನ್ನೆ ಇದ್ದಿದ್ದು ಇವರ ಶೂಗಿಂತ ದೊಡ್ಡದು.”

ಹೋದ ವರ್ಷದ ಫೈಲು ಮುಚ್ಚಿದ್ದು ಪೊಲೀಸರು. ನಿನ್ನೆ ಓಟದ ದಾರಿಯುದ್ದಕ್ಕೂ ನಿಂತಿದ್ದವರು ಪೊಲೀಸರು. ಬೇರೆ ಠಾಣೆಗಳಿಂದ ಬಂದವರು, ಅತಿಥಿಯಾಗಿ ಬಂದವರು, ಅವರ ಜೊತೆಯವರು. ಇನ್ಸ್‌ಪೆಕ್ಟರ್ ಒಂದೊಂದೇ ಮುಖವನ್ನು ನೆನಪಿಗೆ ತಂದುಕೊಳ್ಳತೊಡಗಿದರು. ಅವರಲ್ಲಿ ಯಾರ ಮುಖ ನೋಡಿ ಆ ಒಂದು ಮಾತು ಕೇಳಲು ಪಶುವೈದ್ಯರು ಇಷ್ಟೆಲ್ಲ ಏರ್ಪಾಟು ಮಾಡಿದರು?

“ಈ ವಿಷಯ ಬೇರೆ ಯಾರಿಗಾದರೂ ಹೇಳಿದ್ದೀರಾ?”

“ಒಬ್ಬರಿಗೆ ಹೇಳಿದೆ,” ಎಂದರು ಆಕೆ. “ನಿಮ್ಮ ಮೇಲೇ ದೂರು ಹೇಳಿದೆ, ತಪ್ಪು ತಿಳ್ಕೋಬೇಡಿ. ಈಗ ಸ್ವಲ್ಪ ಮುಂಚೆ ಆಸ್ಪತ್ರೆಗೆ ಬಂದಿದ್ರು. ನಿಮಗಿಂತ ಮೇಲಿನವರು ಅಂದ್ರು. ತುಂಬಾ ಸಮಾಧಾನವಾಗಿ ಕೇಳಿಸಿಕೊಂಡ್ರು. ಇನ್ನು ಯಾರ ಹತ್ತಿರಾನೂ ಈ ಮಾತು ಆಡಬೇಡಿ ಅಂದ್ರು. ನೀವು ನಿನ್ನೆಯಿಂದ ಕಣ್ಣು ಮುಚ್ಚಿಲ್ಲ, ಹೋಗಿ ಸ್ವಲ್ಪ ಸುಧಾರಿಸಿಕೊಳ್ಳಿ, ಅಲ್ಲಿವರೆಗೆ ಇವರ ಹತ್ತಿರ ನಾನು ಕೂತಿರ್ತೀನಿ ಅಂದ್ರು. ಅದಕ್ಕೇ ಎದ್ದು ಬಂದೆ.”

ಇನ್ಸ್‌ಪೆಕ್ಟರ್ ಆಗಲೇ ಫೋನು ತೆಗೆದಿದ್ದರು. ವಾರ್ಡಿನ ಬಾಗಿಲಲ್ಲಿ ಕೂರಿಸಿದ್ದ ಹೊಸ ಮಹಿಳಾ ಪೇದೆ ಕೂಡಲೇ ಎತ್ತಿಕೊಂಡಳು. ಹಿನ್ನೆಲೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

“ಎಲ್ಲಿದ್ದೀಯಾ?”

“ಠಾಣೆಗೆ ಬರ್ತಾ ಇದ್ದೀನಿ ಮೇಡಂ. ನೀವೇ ವಾಪಸ್ ಬರೋಕೆ ಹೇಳಿದ್ರಂತಲ್ಲ.”

“ಯಾರು ಹೇಳಿದ್ದು?”

“ಒಬ್ಬರು ಸಾಹೇಬರು ಬಂದಿದ್ರು. ಹೆಸರು ಕೇಳೋಕೆ ಧೈರ್ಯ ಆಗಲಿಲ್ಲ ಮೇಡಂ, ಹೆಗಲ ಮೇಲೆ ನಿಮಗಿಲ್ಲದ ಸಿಂಹದ ಗುರುತು ಇತ್ತು.” ಹುಡುಗಿಯ ದನಿ ಅನುಮಾನದಿಂದ ತಗ್ಗಿತು. “ನಾನು ಹೊರಡೋವಾಗ, ಡಾಕ್ಟ್ರು ಕಣ್ಣು ಬಿಡ್ತಿದ್ದಾರೆ ಅಂತ ನರ್ಸು ಬಂದು ಹೇಳಿದಳು. ಆಗ ಸಾಹೇಬರು ನರ್ಸನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ್ರು.”

ದಫೇದಾರ ಬಗ್ಗಿ ತನ್ನ ಬೂಟಿಗೆ ಕೈ ಹಾಕುವಷ್ಟರಲ್ಲಿ ಇನ್ಸ್‌ಪೆಕ್ಟರ್ ಬರಿಗಾಲಲ್ಲೇ ಬೀದಿಗೆ ಇಳಿದಿದ್ದರು.